ಕಾಲಿನ ಫಿಸ್ಟುಲಾ ಶಸ್ತ್ರಚಿಕಿತ್ಸೆ: ಮನೆಗೆ ಬಂದ ಮೇಲೆ ಎದುರಾಗುವ ರಕ್ತಗರಣೆಯ ಅಪಾಯ

ಶಿವಮೊಗ್ಗ ನಗರದಲ್ಲೊಂದು ಹೊಸಮನೆಯಿದೆ, ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಇನ್ನೊಂದು ಹೊಸಮನೆಯಿದೆ. ಗ್ಯಾರೇಜು, ಲೇತ್ ಅಂಗಡಿ, ಕಾರ್ಖಾನೆ, ಅಡಿಕೆ ತೋಟಗಳ ಕೆಲಸ ಮಾಡುವವರು ಎರಡೂ ಕಡೆ ಇದ್ದಾರೆ. ಇಂತಹ ಕೆಲಸಗಳಲ್ಲಿ ಕಾಲಿಗೆ ಗಾಯವಾಗುವುದು ಹೊಸತೇನೂ ಅಲ್ಲ. ಸುತ್ತಿಗೆಯಿಂದ ಉಳಿಯನ್ನು ಹೊಡೆಯುವಾಗ ಸಿಡಿದ ಉಕ್ಕಿನ ಚೂರು, ಅಡಿಕೆ ಸುಲಿಯುವಾಗ ಜಾರಿದ ಮೆಟ್ಟುಗತ್ತಿ, ಹೋರಿಯ ಕೊಂಬು, ಬೈಕು ಬಿದ್ದಾಗ ಮುರಿದ ಮೂಳೆಯ ಚೂಪಾದ ತುದಿ, ಹೀಗೆ ಕಾರಣಗಳು ನೂರಾರು. ಹೊರಗಿನ ಗಾಯ ಚಿಕ್ಕದಿದ್ದರೆ ಎರಡು ಹೊಲಿಗೆ ಹಾಕಿಸಿಕೊಂಡು, ಟಿಟಿ ಚುಚ್ಚುಮದ್ದು ತೆಗೆದುಕೊಂಡು ಮನೆಗೆ ಬರುವುದು ವಾಡಿಕೆ.

ಆದರೆ ಕೆಲವರಲ್ಲಿ ಗಾಯ ಮಾಯ್ದ ಮೇಲೂ ಅದೇ ಜಾಗದಲ್ಲಿ ವಿಚಿತ್ರವಾದ ಕಂಪನವೊಂದು ಉಳಿದುಬಿಡುತ್ತದೆ. ಅಂಗೈ ಇಟ್ಟರೆ ಬೆಕ್ಕು ಗುರುಗುಟ್ಟುವಾಗ ಅದರ ಬೆನ್ನ ಮೇಲೆ ಕೈಯಿಟ್ಟಂತೆ ಭಾಸವಾಗುತ್ತದೆ. ವೈದ್ಯರು ಸ್ಟೆಥಸ್ಕೋಪ್ ಇಟ್ಟು ಆಲಿಸಿದರೆ ಅಕ್ಕಿ ಗಿರಣಿಯ ಹಾಗೆ ನಿಲ್ಲದ ಸದ್ದು ಕೇಳುತ್ತದೆ. ಕ್ರಮೇಣ ಕಾಲು ಊದಿಕೊಳ್ಳುತ್ತದೆ, ಉಬ್ಬಿದ ನರಗಳು ಚರ್ಮದ ಮೇಲೆ ಎದ್ದು ಕಾಣುತ್ತವೆ, ಪಾದದ ಬಳಿ ಮಾಯದ ಹುಣ್ಣಾಗುತ್ತದೆ. ಇದನ್ನೇ ವೈದ್ಯರು ಗಾಯದಿಂದಾದ ಆರ್ಟೀರಿಯೋವೀನಸ್ ಫಿಸ್ಟುಲಾ ಎನ್ನುತ್ತಾರೆ.

ಫಿಸ್ಟುಲಾ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಪೇಟೆಯ ಗೋಡೆಗಳ ಮೇಲೆ ಮೂಲವ್ಯಾಧಿಯ ಪಕ್ಕದಲ್ಲಿ ಬರೆದಿರುವ ಭಗಂದರ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇದೇ ಹೆಸರಿನ ಇನ್ನೊಂದು ಸಂಗತಿಯ ಪರಿಚಯವಿರುತ್ತದೆ. ಅವರ ಕೈಯಲ್ಲಿ ವೈದ್ಯರೇ ಬೇಕೆಂದು ಎರಡು ರಕ್ತನಾಳಗಳನ್ನು ಜೋಡಿಸಿರುತ್ತಾರೆ. ಇಲ್ಲಿ ಅದೇ ಜೋಡಣೆ ಬೇಡದ ಕಡೆ, ಗಾಯದಿಂದ ತಾನಾಗಿಯೇ ಆಗಿರುತ್ತದೆ.

ಪಠ್ಯಪುಸ್ತಕಗಳಲ್ಲಿ ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ ಅಪಧಮನಿ ಎಂದೂ ಹೃದಯಕ್ಕೆ ರಕ್ತ ಮರಳಿಸುವ ನಾಳಕ್ಕೆ ಅಭಿಧಮನಿ ಎಂದೂ ಹೆಸರು. ಒಂದೇ ಅಕ್ಷರದ ವ್ಯತ್ಯಾಸ ಓದುಗರನ್ನು ಗೊಂದಲಕ್ಕೆ ತಳ್ಳುವುದರಿಂದ ಈ ಲೇಖನದಲ್ಲಿ ಮೊದಲನೆಯದನ್ನು ಧಮನಿ ಎಂದೂ ಎರಡನೆಯದನ್ನು ಸಿರೆ ಎಂದೂ ಕರೆಯೋಣ. ಧಮನಿಯಲ್ಲಿ ಒತ್ತಡ ಹೆಚ್ಚು, ಗೋಡೆ ದಪ್ಪ. ಸಿರೆಯಲ್ಲಿ ಒತ್ತಡ ಕಡಿಮೆ, ಗೋಡೆ ತೆಳು. ರಕ್ತ ಕೆಳಕ್ಕೆ ಜಾರದಂತೆ ಸಿರೆಯೊಳಗೆ ಅಲ್ಲಲ್ಲಿ ಕವಾಟಗಳಿರುತ್ತವೆ. ತೊಡೆಯಲ್ಲಿಯೂ ಮಂಡಿಯ ಹಿಂಭಾಗದಲ್ಲಿಯೂ ಇವೆರಡೂ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಒಂದೇ ಇರಿತ ಎರಡನ್ನೂ ತೂತು ಮಾಡಿದರೆ ತೂತುಗಳು ಪರಸ್ಪರ ಬೆಸೆದುಕೊಂಡು, ಪಾದಕ್ಕೆ ಹೋಗಬೇಕಾದ ರಕ್ತ ಅಡ್ಡದಾರಿ ಹಿಡಿದು ನೇರವಾಗಿ ಸಿರೆಗೆ ನುಗ್ಗುತ್ತದೆ. ಭದ್ರಾ ನಾಲೆಯ ಏರಿ ಒಡೆದು, ಗದ್ದೆಗೆ ಹೋಗಬೇಕಾದ ನೀರು ಪಕ್ಕದ ಹಳ್ಳಕ್ಕೆ ಹರಿದಂತೆ.

ಇದನ್ನು ಮೊದಲು ಸರಿಯಾಗಿ ಗುರುತಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಹಂಟರ್, 1757ರಲ್ಲಿ. ಆಗ ಬಹುತೇಕ ಎಲ್ಲ ಕಾಯಿಲೆಗೂ ಮೊಣಕೈ ಬಳಿ ಸಿರೆ ಕೊಯ್ದು ರಕ್ತ ತೆಗೆಯುವ ಪದ್ಧತಿಯಿತ್ತು. ಕೊಯ್ಯುವವನ ಕೈ ತುಸು ಆಳಕ್ಕೆ ಹೋದರೆ ಕೆಳಗಿನ ಧಮನಿಯೂ ತೂತಾಗುತ್ತಿತ್ತು. ಚಿಕಿತ್ಸೆಯೇ ಕಾಯಿಲೆ ತಂದ ಆ ಕಥೆ ಇಂದಿಗೂ ಪೂರ್ತಿ ಮುಗಿದಿಲ್ಲ. ತೊಡೆಸಂದಿನ ಮೂಲಕ ಆಂಜಿಯೋಗ್ರಾಂ ಮಾಡಿದ ಜಾಗದಲ್ಲಿ ಫಿಸ್ಟುಲಾ ಆಗುವುದು ಈಗಲೂ ಉಂಟು. ಅವುಗಳಲ್ಲಿ ಚಿಕ್ಕವು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ದೊಡ್ಡದಾದರೆ ಸುಮ್ಮನೆ ಬಿಡುವಂತಿಲ್ಲ. ಅಡ್ಡದಾರಿಯ ಹರಿವನ್ನು ಸರಿದೂಗಿಸಲು ಹೃದಯ ಹೆಚ್ಚು ದುಡಿಯಬೇಕಾಗುತ್ತದೆ, ವರ್ಷಗಳು ಕಳೆದಂತೆ ಸೋಲುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿ ಎರಡು ನಾಳಗಳನ್ನು ಬೇರ್ಪಡಿಸುತ್ತಾರೆ, ಇಲ್ಲವೇ ಧಮನಿಯ ಒಳಗಿನಿಂದಲೇ ಹೊದಿಕೆಯಿರುವ ಸ್ಟೆಂಟ್ ಕೂರಿಸಿ ತೂತು ಮುಚ್ಚುತ್ತಾರೆ. ಕಂಪನ ನಿಲ್ಲುತ್ತದೆ, ಗಿರಣಿಯ ಸದ್ದು ಅಡಗುತ್ತದೆ, ರೋಗಿ ಮನೆಗೆ ಹೊರಡುತ್ತಾನೆ. ಕುಟುಂಬದವರ ಪಾಲಿಗೆ ಅಲ್ಲಿಗೆ ಕಥೆ ಮುಗಿಯಿತು. ಆದರೆ ರಕ್ತನಾಳಗಳ ಪಾಲಿಗೆ ಹೊಸದೊಂದು ಅಪಾಯದ ಅವಧಿ ಅಲ್ಲಿಂದಲೇ ಆರಂಭವಾಗುತ್ತದೆ ಎಂಬುದನ್ನು ಗಮನಿಸಬೇಕು.

ರಿಪೇರಿಯಾದ ಮೇಲೇಕೆ ಗರಣೆ?

ನಾಳದೊಳಗೆ ರಕ್ತ ಹೆಪ್ಪುಗಟ್ಟಲು ಮೂರು ಬಗೆಯ ಕಾರಣಗಳಿವೆ ಎಂಬ ವಿವರಣೆ ಜರ್ಮನಿಯ ರುಡಾಲ್ಫ್ ವಿರ್ಶೋ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಹೆಪ್ಪುಗಟ್ಟುವ ಗುಣ ಪಡೆಯುವುದು, ಇವೇ ಆ ಮೂರು. ಫಿಸ್ಟುಲಾ ಮುಚ್ಚಿದ ಕಾಲಿನಲ್ಲಿ ಈ ಮೂರೂ ಒಟ್ಟಿಗೆ ಹಾಜರಿರುತ್ತವೆ.

ಇವುಗಳಲ್ಲಿ ಹರಿವಿನ ಸಂಗತಿಯೇ ಸ್ವಾರಸ್ಯಕರ. ಫಿಸ್ಟುಲಾ ತೆರೆದಿರುವಷ್ಟು ಕಾಲ ಸಿರೆಯಲ್ಲಿ ರಕ್ತ ರಭಸದಿಂದ ನುಗ್ಗುತ್ತಿರುತ್ತದೆ. ಆ ಒತ್ತಡಕ್ಕೆ ತೆಳುಗೋಡೆಯ ಸಿರೆ ಹಿಗ್ಗುತ್ತದೆ, ಡೊಂಕಾಗುತ್ತದೆ, ಕವಾಟಗಳು ಕೆಡುತ್ತವೆ. ಆದರೂ ರಭಸವಿರುವುದರಿಂದ ಅಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟದು. ಶಸ್ತ್ರಚಿಕಿತ್ಸೆ ಮಾಡಿದ ಗಳಿಗೆಯಲ್ಲಿ ರಭಸ ಒಮ್ಮೆಲೇ ನಿಲ್ಲುತ್ತದೆ. ಹಿಗ್ಗಿದ ಸಿರೆ ಮಾತ್ರ ಹಾಗೆಯೇ ಉಳಿಯುತ್ತದೆ. ಅಗಲವಾದ ನಾಲೆಗೆ ಬಿಡುತ್ತಿದ್ದ ನೀರನ್ನು ತೂಬಿನಲ್ಲಿ ತಡೆದರೆ ತಳದಲ್ಲಿ ಉಳಿದ ನೀರು ನಿಂತು ಹೂಳು ಕೂರುವುದಿಲ್ಲವೇ? ಇಲ್ಲಿಯೂ ಅದೇ ಸ್ಥಿತಿ. ಫಿಸ್ಟುಲಾ ಹಳೆಯದಾದಷ್ಟೂ ಸಿರೆ ಹೆಚ್ಚು ಹಿಗ್ಗಿರುತ್ತದೆ, ಮುಚ್ಚಿದ ಮೇಲೆ ರಕ್ತ ನಿಲ್ಲುವ ಸಾಧ್ಯತೆಯೂ ಹೆಚ್ಚುತ್ತದೆ. ವರ್ಷಗಟ್ಟಲೆ ಕಾಲನ್ನು ನಿರ್ಲಕ್ಷಿಸಿ ತಡವಾಗಿ ಚಿಕಿತ್ಸೆಗೆ ಹೋದವರು ಈ ಕಾರಣದಿಂದಲೇ ಹೆಚ್ಚು ಎಚ್ಚರವಾಗಿರಬೇಕು.

ಎರಡನೆಯದು ಗೋಡೆಯ ಗಾಯ. ಮೊದಲು ಇರಿತದಿಂದ, ಆಮೇಲೆ ಹೊಲಿಗೆಯಿಂದ ಸಿರೆಯ ಒಳಪದರ ಎರಡು ಬಾರಿ ಪೆಟ್ಟು ತಿಂದಿರುತ್ತದೆ. ಹೊಲಿದ ಜಾಗ ಕಿರಿದಾಗಿದ್ದರೆ ಅಲ್ಲಿ ಹರಿವು ಇನ್ನಷ್ಟು ಕುಗ್ಗುತ್ತದೆ. ಮೂರನೆಯದಾಗಿ, ದೊಡ್ಡ ಗಾಯ ಮತ್ತು ಶಸ್ತ್ರಚಿಕಿತ್ಸೆಗಳ ನಂತರ ರಕ್ತಸ್ರಾವ ತಡೆಯಲೆಂದು ದೇಹವೇ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿಕೊಳ್ಳುತ್ತದೆ. ಇದರ ಮೇಲೆ ಹಾಸಿಗೆ ಹಿಡಿದು ಮಲಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುವ ಕೆಲಸವೂ ನಿಲ್ಲುತ್ತದೆ.

ಕೆನಡಾದ ಟೊರಾಂಟೊದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಇಲ್ಲಿ ಸ್ಮರಿಸಬಹುದು. ಗಂಭೀರ ಗಾಯಗಳಾಗಿ ದಾಖಲಾಗಿದ್ದ, ಗರಣೆ ತಡೆಯುವ ಯಾವ ಔಷಧವನ್ನೂ ಪಡೆಯದ 349 ಮಂದಿಯ ಕಾಲಿನ ಸಿರೆಗಳ ಎಕ್ಸ್‌ರೇ ಪರೀಕ್ಷೆ ಮಾಡಿದಾಗ 201 ಮಂದಿಯಲ್ಲಿ ಗರಣೆ ಕಂಡುಬಂದಿತು. ಅವರ ಪೈಕಿ ಪರೀಕ್ಷೆಗೆ ಮುನ್ನ ಗರಣೆಯ ಅನುಮಾನ ಬರುವಂತಹ ಲಕ್ಷಣಗಳಿದ್ದವರು ಕೇವಲ ಮೂವರು. ಇವರೆಲ್ಲ ಫಿಸ್ಟುಲಾ ರೋಗಿಗಳಲ್ಲ, ನಾನಾ ಬಗೆಯ ಗಾಯಾಳುಗಳು. ಆದರೂ ನೋವಿಲ್ಲ, ಆದ್ದರಿಂದ ಗರಣೆಯಿಲ್ಲ ಎಂಬ ತರ್ಕ ಎಷ್ಟು ದುರ್ಬಲ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಕಾಲಿನ ಆಳದ ಸಿರೆಯಲ್ಲಿ ಗರಣೆ ಕಟ್ಟುವುದಕ್ಕೆ ಡಿವಿಟಿ ಎಂಬ ಹೆಸರಿದೆ. ಅದು ಕಾಲಿನಲ್ಲೇ ಉಳಿದರೂ ಕಷ್ಟವೇ. ಡಿವಿಟಿ ಆದವರಲ್ಲಿ ನೂರಕ್ಕೆ ಇಪ್ಪತ್ತರಿಂದ ಐವತ್ತು ಮಂದಿಗೆ ಮುಂದೆ ಕಾಲು ಭಾರ, ಊತ, ಚರ್ಮ ಕಪ್ಪಾಗುವಿಕೆ, ಹುಣ್ಣು ಮುಂತಾದ ತೊಂದರೆಗಳು ದೀರ್ಘಕಾಲ ಕಾಡುತ್ತವೆ. ಗರಣೆಯ ತುಂಡೊಂದು ಕಳಚಿ ಹೃದಯದ ಬಲಭಾಗದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಅದು ಪಲ್ಮನರಿ ಎಂಬಾಲಿಸಂ. ದೊಡ್ಡ ತುಂಡಾದರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು.

ಕಟ್ಟುವುದೋ, ಹೊಲಿಯುವುದೋ?

ಗಾಯಗೊಂಡ ಸಿರೆಯನ್ನು ದಾರದಿಂದ ಕಟ್ಟಿಬಿಡಬೇಕೇ, ಹೊಲಿದು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಶಸ್ತ್ರವೈದ್ಯರನ್ನು ಬಹುಕಾಲ ಕಾಡಿದೆ. ಹೊಲಿದ ಸಿರೆಯಲ್ಲಿ ಗರಣೆ ಕಟ್ಟಿ ಶ್ವಾಸಕೋಶಕ್ಕೆ ಹೋದೀತೆಂಬ ಭಯದಿಂದ ಅನೇಕರು ಕಟ್ಟುವುದನ್ನೇ ಆಯ್ದುಕೊಳ್ಳುತ್ತಿದ್ದರು. ವಿಯೆಟ್ನಾಂ ಯುದ್ಧದ ಗಾಯಾಳುಗಳ ದಾಖಲೆಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ಪರಿಶೀಲಿಸಿದ ಅಮೆರಿಕದ ಸೇನಾ ಶಸ್ತ್ರವೈದ್ಯ ನಾರ್ಮನ್ ರಿಚ್ ಅವರು ಆ ಭಯಕ್ಕೆ ಆಧಾರ ಕಾಣಲಿಲ್ಲ. ಮಂಡಿಯ ಹಿಂಭಾಗದ ಸಿರೆಯನ್ನು ಹೊಲಿದವರಲ್ಲಿ ಗರಣೆ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚಿರಲಿಲ್ಲ. ಕಟ್ಟಿದವರಲ್ಲಿ ಮಾತ್ರ ಕಾಲಿನ ಊತ ಹೆಚ್ಚಿತ್ತು. ರೋಗಿಯ ಸ್ಥಿತಿ ತಡೆದುಕೊಳ್ಳುವಂತಿದ್ದರೆ ತೊಡೆ ಮತ್ತು ಮಂಡಿಯ ದೊಡ್ಡ ಸಿರೆಗಳನ್ನು ಉಳಿಸಿಕೊಳ್ಳಬೇಕೆಂಬ ಅಭಿಪ್ರಾಯ ಬಲಗೊಂಡದ್ದು ಹೀಗೆ. ರಕ್ತ ಸೋರಿ ಪ್ರಾಣಾಪಾಯದಲ್ಲಿರುವವನಿಗೆ ಕಟ್ಟುವುದೇ ಜಾಣತನ, ಅದರಲ್ಲಿ ತಪ್ಪೇನಿಲ್ಲ.

ಧಮನಿಯ ತೂತು ದೊಡ್ಡದಿದ್ದು ಅದಕ್ಕೆ ತುಂಡು ಜೋಡಿಸಬೇಕಾದಾಗ ಸಾಮಾನ್ಯವಾಗಿ ಇನ್ನೊಂದು ಕಾಲಿನ ಚರ್ಮದಡಿಯ ಸಿರೆಯನ್ನು ತೆಗೆದು ಬಳಸುತ್ತಾರೆ. ಚೆನ್ನಾಗಿದ್ದ ಕಾಲನ್ನೇಕೆ ಕೊಯ್ದರು ಎಂದು ಮನೆಯವರು ಬೇಸರಪಡುವುದುಂಟು. ಗಾಯವಾದ ಕಾಲಿನಲ್ಲಿ ಆಳದ ಸಿರೆ ಕೆಟ್ಟಿರುವುದರಿಂದ ರಕ್ತ ಮೇಲೇರಲು ಚರ್ಮದಡಿಯ ಸಿರೆಯೇ ಉಳಿದ ದಾರಿ. ಅದನ್ನೂ ಕಿತ್ತರೆ ಊತ ಮತ್ತು ಗರಣೆಗೆ ಆಹ್ವಾನ ಕೊಟ್ಟಂತೆ.

ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕ ಬೇರೆ. ದೊಡ್ಡ ಕೊಯ್ತವಿಲ್ಲ, ಬೇಗ ನಡೆದಾಡಬಹುದು. ಆದರೆ ಅಲ್ಲಿ ಗರಣೆಯ ಭಯ ಧಮನಿಯೊಳಗೂ ಇರುತ್ತದೆ. ಮಂಡಿ ಮಡಚುವ ಜಾಗದಲ್ಲಿ ಸ್ಟೆಂಟ್ ಬಾಗಿ ಮುಚ್ಚಿಹೋಗಬಹುದು. ಆದ್ದರಿಂದಲೇ ಅವರಿಗೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಜಾತಿಯ ಮಾತ್ರೆಗಳನ್ನು ಬರೆಯುತ್ತಾರೆ. ಇವು ಧಮನಿಯ ಕಾವಲಿಗೆ. ಸಿರೆಯ ಗರಣೆಗೆ ಕೊಡುವ ಔಷಧಗಳ ಬದಲಿಯೆಂದು ಇವನ್ನು ಭಾವಿಸಬಾರದು.

ಎರಡು ಗರಣೆ, ಎರಡು ಬಗೆಯ ಲಕ್ಷಣ

ಗಾಯದ ಕಾಲು ಊದುವುದು ಸಹಜ ಎಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ತೊಂದರೆಯಿರುವುದೇ ಅಲ್ಲಿ. ಶಸ್ತ್ರಚಿಕಿತ್ಸೆಯ ಊತ ದಿನದಿಂದ ದಿನಕ್ಕೆ ಇಳಿಯಬೇಕು, ರಾತ್ರಿ ಕಾಲೆತ್ತಿ ಮಲಗಿ ಬೆಳಿಗ್ಗೆ ನೋಡಿದರೆ ಕಡಿಮೆಯಾಗಿರಬೇಕು. ಇಳಿಯುತ್ತಿದ್ದ ಊತ ಮತ್ತೆ ಏರತೊಡಗಿದರೆ, ಮೀನಖಂಡ ಬಿಗಿದು ಒತ್ತಿದರೆ ನೋವಾದರೆ, ಚರ್ಮ ಬಿಸಿಯಾಗಿ ಕೆಂಪಡರಿದರೆ ಸಿರೆಯ ಗರಣೆಯನ್ನು ಶಂಕಿಸಬೇಕು. ದರ್ಜಿಯ ಟೇಪು ಸಾಕು, ಮಂಡಿಚಿಪ್ಪಿನ ಕೆಳಗಿನ ಮೂಳೆಯುಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲುಗಳ ಸುತ್ತಳತೆ ತೆಗೆಯಿರಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವನ್ನು ವೈದ್ಯರು ಗಂಭೀರವಾಗಿ ಪರಿಗಣಿಸುತ್ತಾರೆ. ಫಿಸ್ಟುಲಾ ಇದ್ದ ಕಾಲು ಮೊದಲೇ ದಪ್ಪಗಿರುವುದರಿಂದ ಮನೆಗೆ ಬಂದ ದಿನದ ಅಳತೆಯನ್ನು ಬರೆದಿಟ್ಟು ಅದರೊಡನೆ ಹೋಲಿಸುವುದು ಮೇಲು.

ಧಮನಿ ಮುಚ್ಚಿಕೊಂಡರೆ ಚಿತ್ರ ಪೂರ್ತಿ ತಿರುವುಮುರುವು. ಕಾಲು ತಣ್ಣಗಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಪಾದದ ನಾಡಿ ಸಿಗುವುದಿಲ್ಲ, ಬೆರಳುಗಳು ಜೋಮು ಹಿಡಿದು ಅಲುಗಾಡದಂತಾಗುತ್ತವೆ. ಇಲ್ಲಿ ಸುಮಾರು ಆರು ಗಂಟೆಯೊಳಗೆ ರಕ್ತ ಸಂಚಾರ ಮರಳದಿದ್ದರೆ ಸ್ನಾಯುಗಳು ಸಾಯತೊಡಗುತ್ತವೆ. ಬೆಳಿಗ್ಗೆ ನೋಡೋಣ ಎನ್ನುವ ಮಾತು ಇಲ್ಲಿ ಸಲ್ಲದು. ಏಕಾಏಕಿ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚು, ಕೆಮ್ಮಿದರೆ ರಕ್ತ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಯಾವುದು ಕಂಡರೂ ಕಾಲನ್ನು ನೋಡುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಮತ್ತೊಂದು ಸೂಚನೆಯನ್ನೂ ಹೇಳಿಬಿಡುವುದು ಒಳಿತು. ನಿಂತುಹೋಗಿದ್ದ ಆ ಗುರುಗುಟ್ಟುವ ಕಂಪನ ಮತ್ತೆ ಕೈಗೆ ಸಿಕ್ಕರೆ ಫಿಸ್ಟುಲಾ ಮರಳಿದೆ ಎಂದರ್ಥ.

ಅನುಮಾನ ಬಂದಾಗ ಮಾಡುವ ಮುಖ್ಯ ಪರೀಕ್ಷೆ ಡಾಪ್ಲರ್ ಸ್ಕ್ಯಾನ್. ನೋವಿಲ್ಲ, ಸೂಜಿಯಿಲ್ಲ. ಡಿ-ಡೈಮರ್ ಎಂಬ ರಕ್ತಪರೀಕ್ಷೆಯನ್ನು ಕೆಲವರು ತಾವಾಗಿಯೇ ಲ್ಯಾಬಿಗೆ ಹೋಗಿ ಮಾಡಿಸಿ ಗಾಬರಿಯಾಗುತ್ತಾರೆ. ಶಸ್ತ್ರಚಿಕಿತ್ಸೆಯಾದ ವಾರಗಳಲ್ಲಿ ಅದು ಗರಣೆಯಿಲ್ಲದಿದ್ದರೂ ಏರಿಯೇ ಇರುತ್ತದೆ, ಆಗ ಅದರಿಂದ ಹೆಚ್ಚು ಉಪಯೋಗವಿಲ್ಲ.

ಬೆಂಗಳೂರಿನಿಂದ ಮನೆಯವರೆಗೆ

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಆದರೂ ರಕ್ತನಾಳದ ದೊಡ್ಡ ಶಸ್ತ್ರಚಿಕಿತ್ಸೆಗೆಂದು ಜಿಲ್ಲೆಯ ಅನೇಕರು ಬೆಂಗಳೂರಿಗೆ ಹೋಗುತ್ತಾರೆ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಮರಳುವ ಪ್ರಯಾಣದ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಸ್ತೆಯಲ್ಲಿ ಸುಮಾರು 300 ಕಿ.ಮೀ., ಬಸ್ಸಿನಲ್ಲಿ ಆರೇಳು ಗಂಟೆ ಕಾಲು ಇಳಿಬಿಟ್ಟು ಕೂರಬೇಕು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣ ಆರೋಗ್ಯವಂತರಲ್ಲೂ ಸಿರೆಗರಣೆಯ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಇದು ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ರೈಲು, ಕಾರಿಗೂ ಅನ್ವಯಿಸುತ್ತದೆ. ಆರೋಗ್ಯವಂತರಲ್ಲಿ ಮೂಲ ಅಪಾಯವೇ ತೀರ ಕಡಿಮೆ, ಹಾಗಾಗಿ ಅದು ದುಪ್ಪಟ್ಟಾದರೂ ಹೆದರಬೇಕಿಲ್ಲ. ಮೊನ್ನೆ ಸಿರೆ ಹೊಲಿಸಿಕೊಂಡವನ ವಿಷಯ ಹಾಗಲ್ಲ. ಸಾಧ್ಯವಿದ್ದರೆ ರೈಲಿನಲ್ಲಿ ಮಲಗುವ ಸೀಟು ಪಡೆಯುವುದು, ಕಾರಾದರೆ ತುಮಕೂರು, ತಿಪಟೂರು, ಅರಸೀಕೆರೆ, ಕಡೂರುಗಳಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವುದು, ಕುಳಿತಲ್ಲೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ನೀರು ಕುಡಿಯುವುದು ಇಷ್ಟಾದರೂ ಮಾಡಬೇಕು. ದಾರಿಯಲ್ಲಿ ಶೌಚಾಲಯದ ಚಿಂತೆಯಿಂದ ನೀರನ್ನೇ ಬಿಡುವುದು ನಮ್ಮ ಹೆಂಗಸರ ಹಳೆಯ ಅಭ್ಯಾಸ.

ಮನೆಗೆ ಬಂದ ಮೇಲೆ ವಿಶ್ರಾಂತಿ ಎಂಬ ಹೆಸರಿನಲ್ಲಿ ರೋಗಿಯನ್ನು ಮಂಚದಿಂದ ಇಳಿಸದಿರುವುದೂ ತಪ್ಪು. ಶಸ್ತ್ರವೈದ್ಯರು ಅನುಮತಿ ಕೊಟ್ಟ ದಿನದಿಂದಲೇ ನಡೆಯಬೇಕು. ಊದಿದ ಕಾಲಿಗೆ ಎಣ್ಣೆ ಹಚ್ಚಿ ನೀವುವ ಪದ್ಧತಿ ಮಲೆನಾಡಿನ ಮನೆಮನೆಯಲ್ಲಿದೆ. ಉಳುಕಿಗೆ ಅದು ಹಿತವಾಗಿರಬಹುದು, ಆದರೆ ಒಳಗೆ ಗರಣೆಯಿದ್ದರೆ ನೀವಿದಾಗ ಅದು ಕಳಚುವ ಅಪಾಯವಿದೆ. ಬಿಗಿಯಾದ ಸ್ಟಾಕಿಂಗ್ಸ್ ಕೂಡ ಅಂಗಡಿಯಿಂದ ತಂದು ತೊಡುವ ವಸ್ತುವಲ್ಲ. ಧಮನಿಯನ್ನು ಹೊಸದಾಗಿ ಜೋಡಿಸಿರುವ ಕಾಲಿಗೆ ಅದು ರಕ್ತವನ್ನೇ ತಡೆಯಬಹುದು, ಆದ್ದರಿಂದ ಶಸ್ತ್ರವೈದ್ಯರನ್ನು ಕೇಳಿಯೇ ತೊಡಬೇಕು.

ಇನ್ನು ಔಷಧ. ಆಸ್ಪತ್ರೆಯಲ್ಲಿರುವಾಗ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಜಾತಿಯ ಚುಚ್ಚುಮದ್ದು ಕೊಡುವುದು ಸಾಮಾನ್ಯ. ಎಷ್ಟು ಬೇಗ ಕೊಡಬೇಕೆಂಬುದೇ ಕಠಿಣ ನಿರ್ಧಾರ. ತಲೆಗೂ ಪೆಟ್ಟಾಗಿದ್ದರೆ, ಗಾಯ ಇನ್ನೂ ಸೋರುತ್ತಿದ್ದರೆ ಅದೇ ಔಷಧ ಪ್ರಾಣಕ್ಕೆ ಎರವಾದೀತು. ಡಿವಿಟಿ ಖಚಿತವಾದವರಿಗೆ ಸಾಮಾನ್ಯವಾಗಿ ಮೂರು ತಿಂಗಳ ಚಿಕಿತ್ಸೆ ಬೇಕಾಗುತ್ತದೆ. ರಿವರೋಕ್ಸಬಾನ್, ಅಪಿಕ್ಸಬಾನ್ ಮುಂತಾದ ಹೊಸ ಮಾತ್ರೆಗಳಿಗೆ ಪದೇಪದೇ ರಕ್ತಪರೀಕ್ಷೆ ಬೇಡ. ವಾರ್ಫರಿನ್ ಹಳೆಯದು, ಅಗ್ಗದ್ದು. ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು 1954ರಲ್ಲಿ ಮನುಷ್ಯರ ಔಷಧವಾಗಿ ಅಮೆರಿಕದಲ್ಲಿ ಅನುಮತಿ ಪಡೆದದ್ದು ಇದೇ. ಐಎನ್‌ಆರ್ ಎಂಬ ಪರೀಕ್ಷೆಯ ಅಂಕಿ 2 ಮತ್ತು 3ರ ನಡುವೆ ಇರುವಂತೆ ಇದರ ಪ್ರಮಾಣವನ್ನು ಹೊಂದಿಸುತ್ತಾರೆ. ಅಂಕಿ ಕಡಿಮೆಯಾದರೆ ಗರಣೆ, ಹೆಚ್ಚಾದರೆ ರಕ್ತಸ್ರಾವ.

ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ತಿನ್ನಲೇಬಾರದು ಎಂಬ ಮಾತು ಪ್ರಚಾರದಲ್ಲಿದೆ. ಬಸಳೆ, ಹರಿವೆ, ನುಗ್ಗೆಸೊಪ್ಪುಗಳಲ್ಲಿರುವ ವಿಟಮಿನ್ ಕೆ ಈ ಔಷಧದ ಬಲ ಕುಗ್ಗಿಸುವುದು ನಿಜ. ಆದರೆ ಮುಖ್ಯವಾದದ್ದು ಪ್ರಮಾಣ ಒಂದೇ ರೀತಿ ಇರುವುದು. ವಾರಕ್ಕೆರಡು ದಿನ ಸೊಪ್ಪಿನ ಸಾರು ಮಾಡುವ ಮನೆಯಾದರೆ ಹಾಗೆಯೇ ಮುಂದುವರಿಸಿ, ವೈದ್ಯರು ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತಾರೆ. ನಿಜವಾಗಿ ಹೆದರಬೇಕಾದದ್ದು ನೋವಿಗೆಂದು ಔಷಧದಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳಿಗೆ. ರಕ್ತ ತೆಳುವಾಗಿಸುವ ಯಾವ ಮಾತ್ರೆಯೊಡನೆ ಸೇರಿದರೂ ಇವು ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಲ್ಲವು. ಮಲ ಕಪ್ಪಾದರೆ, ವಸಡಿನಲ್ಲಿ ರಕ್ತ ಒಸರಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಾಲು ಹಗುರವಾಯಿತೆಂದು ಒಂದೇ ತಿಂಗಳಿಗೆ ಮಾತ್ರೆ ನಿಲ್ಲಿಸುವುದು, ಗಾಯ ಮಾಯಲೆಂದು ನಡುವೆ ಯಾರೋ ಹೇಳಿದ ಕಷಾಯ ಸೇರಿಸುವುದು, ಇವೆರಡೂ ನಮ್ಮಲ್ಲಿ ಸಾಮಾನ್ಯ, ಎರಡೂ ಅಪಾಯಕರ.

ಆಸ್ಪತ್ರೆಯಿಂದ ಹೊರಡುವ ಮುನ್ನ ಬಿಡುಗಡೆ ಪತ್ರದಲ್ಲಿ ಕೆಲವು ವಿವರಗಳಿವೆಯೇ ಎಂದು ನೋಡಿಕೊಳ್ಳಿ. ಯಾವ ಸಿರೆಯನ್ನು ಕಟ್ಟಿದ್ದಾರೆ, ಯಾವುದನ್ನು ಹೊಲಿದಿದ್ದಾರೆ, ಸ್ಟೆಂಟ್ ಹಾಕಿದ್ದಾರೆಯೇ, ರಕ್ತ ತೆಳುವಾಗಿಸುವ ಮಾತ್ರೆ ಯಾವ ದಿನಾಂಕದವರೆಗೆ, ಮುಂದಿನ ಡಾಪ್ಲರ್ ಯಾವಾಗ. ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಊದಿದ ಕಾಲಿನೊಂದಿಗೆ ಊರಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕಾಗಿ ಬಂದರೆ, ಅಲ್ಲಿರುವ ಕಿರಿಯ ವೈದ್ಯರು ಮೊದಲು ಕೇಳುವುದು ಆ ಹಾಳೆಯನ್ನೇ.